ಆಡಿಟರ್ ಫೀಸು ಜಾಸ್ತಿ ಆಯ್ತಾ? ಮೊದಲು ಯಾವುದಕ್ಕೆ ಅಂತ ಕೇಳಿ

ರಿಟರ್ನ್ ಸೀಸನ್ ಬಂತೆಂದರೆ ಈ ಅಂಕಣದ ಇನ್‌ಬಾಕ್ಸಿಗೆ ಒಂದೇ ದೂರು ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಆಡಿಟರ್ ಇಷ್ಟು ಕೇಳ್ತಿದ್ದಾರೆ, ಜಾಸ್ತಿ ಅಲ್ವಾ?" ಆ 'ಇಷ್ಟು' ಅನ್ನೋ ಜಾಗದಲ್ಲಿ ಸಾವಿರವೂ ಇರಬಹುದು, ನಲವತ್ತು ಸಾವಿರವೂ ಇರಬಹುದು.

ಈ ಸಲ ಬಂದವುಗಳಲ್ಲಿ ಒಂದು ಮೇಲ್ ಆರಿಸಿಕೊಂಡಿದ್ದೇನೆ. ಯಾಕೆಂದರೆ ಅದರಲ್ಲಿ ಎರಡು ವ್ಯಾಪಾರ, ಎರಡು ಊರು, ಎರಡು ಫೀಸು ಒಟ್ಟಿಗೇ ಇವೆ. ಬರೆದವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅಪ್ಪನಿಗೆ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪೇಟೆಯಲ್ಲಿ ಪ್ರಾವಿಜನ್ ಸ್ಟೋರ್. ಹೆಂಡತಿ ಎರಡು ವರ್ಷದಿಂದ ಮನೆಯಲ್ಲೇ ಕೇಕು, ಕುಕ್ಕೀಸ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತಿದ್ದಾರೆ. ಅಪ್ಪನ ರಿಟರ್ನನ್ನು ಊರಿನ 'ಆಡಿಟರ್' 1,500 ರೂಪಾಯಿಗೆ ಹಾಕಿಕೊಡುತ್ತಾರೆ. ಹೆಂಡತಿಯದಕ್ಕೆ ಬೆಂಗಳೂರಿನ ಆಡಿಟರ್ 12,000 ಕೇಳಿದ್ದಾರೆ.

"ಅದೇ ಪೋರ್ಟಲ್, ಹೆಚ್ಚೂಕಮ್ಮಿ ಅದೇ ಫಾರಂ. ಅಪ್ಪನ ವ್ಯಾಪಾರ ವರ್ಷಕ್ಕೆ 36 ಲಕ್ಷ, ಇವಳದ್ದು 7 ಲಕ್ಷ ಆದ್ರೆ ಹೆಚ್ಚು. ಮೇಲಾಗಿ ಇವರು ಕುಕ್ಕೀಸ್ ಎಲ್ಲೆಲ್ಲಿಗೆ ಕೊರಿಯರ್ ಮಾಡ್ತೀರಿ, ದುಡ್ಡು ಯಾರ ಅಕೌಂಟಿಗೆ ಬರುತ್ತೆ ಅಂತ ಪೊಲೀಸರ ಥರ ವಿಚಾರಣೆ ಬೇರೆ. ಇವಳದ್ದನ್ನೂ ಊರಲ್ಲೇ ಮಾಡಿಸಿಬಿಡೋಣ ಅಂತಿದೀನಿ, ಸರಿ ತಾನೇ?"

ಮೇಲ್ ಓದಿ ನನಗೆ ಗಾಬರಿಯಾದದ್ದು ಆ 12,000ಕ್ಕಲ್ಲ. 1,500ಕ್ಕೆ.

ಮೊದಲು ಈ 'ಆಡಿಟರ್' ಅನ್ನೋ ಪದ. ನಮ್ಮ ಕಡೆ ತೆರಿಗೆ ಕಾಗದ ಮುಟ್ಟುವವರೆಲ್ಲ ಆಡಿಟರೇ. ಚಾರ್ಟರ್ಡ್ ಅಕೌಂಟೆಂಟ್ ಆಡಿಟರ್, ತೆರಿಗೆ ವಕೀಲರೂ ಆಡಿಟರ್, ಟ್ಯಾಕ್ಸ್ ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಿಕೊಂಡವರೂ ಆಡಿಟರ್, ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರ್ ಹುಡುಗನೂ ಆಡಿಟರ್. ರಿಟರ್ನ್ ತುಂಬಿಕೊಡುವುದಕ್ಕೆ ಸಿಎ ಆಗಿರಲೇಬೇಕು ಅಂತೇನಿಲ್ಲ. ಸೇಲ್ಸ್ ಟ್ಯಾಕ್ಸ್ ಕಾಲದಿಂದ ಕಾನೂನು ಅರೆದು ಕುಡಿದ ಪ್ರಾಕ್ಟೀಷನರುಗಳು ನಮ್ಮ ತಾಲ್ಲೂಕುಗಳಲ್ಲಿದ್ದಾರೆ, ಅವರ ಮುಂದೆ ಎಷ್ಟೋ ಸಿಎಗಳು ಕೈಕಟ್ಟಿ ಕೂರಬೇಕು. ಆದರೆ ಟ್ಯಾಕ್ಸ್ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಪ್ರಾಕ್ಟೀಸಿನಲ್ಲಿರುವ ಸಿಎಗೆ ಮಾತ್ರ. ಆ ಸಹಿಯ ಜೊತೆ ಯುಡಿಐಎನ್ ಅನ್ನೋ 18 ಅಂಕಿ-ಅಕ್ಷರದ ಗುರುತು ಇರಬೇಕು. ಐಸಿಎಐ ಪೋರ್ಟಲ್‌ನಲ್ಲಿ ಅದನ್ನು ಹಾಕಿ ಸಹಿ ಅಸಲಿಯೇ ಅಂತ ನೀವೇ ನೋಡಬಹುದು. ಎರಡು ನಿಮಿಷದ ಕೆಲಸ.

ದರಪಟ್ಟಿ ಯಾಕೆ ಎಲ್ಲೂ ಕಾಣುವುದಿಲ್ಲ ಅಂದರೆ, ಸಿಎಗಳು ಬೇರೆ ಅಂಗಡಿಯವರ ಹಾಗೆ ಜಾಹೀರಾತು ಕೊಟ್ಟು ಗಿರಾಕಿ ಕರೆಯುವುದಕ್ಕೆ ಅವರ ಕಾನೂನಿನಲ್ಲೇ ಕಟ್ಟುಪಾಡಿದೆ. ಸರ್ಕಾರ ನಿಗದಿ ಮಾಡಿದ ದರವೂ ಇಲ್ಲ. ಅವರ ಸಂಸ್ಥೆಯಾದ ಐಸಿಎಐ ದೊಡ್ಡ ಊರಿಗೊಂದು, ಉಳಿದ ಊರಿಗೊಂದು ಅಂತ ಶಿಫಾರಸು ದರ ಪ್ರಕಟಿಸಿದೆ. ಅದು ಬರೀ ಶಿಫಾರಸು, ಕಡ್ಡಾಯವಲ್ಲ. ನಿಜ ಹೇಳಬೇಕೆಂದರೆ ಊರುಗಳಲ್ಲಿ ಆ ದರ ಕೇಳಿದರೆ ಗಿರಾಕಿ ಬಾಗಿಲಿಂದಲೇ ವಾಪಸ್ ಹೋಗುತ್ತಾನೆ.

ಹಾಗಾದರೆ ಮಾರುಕಟ್ಟೆಯಲ್ಲಿ ಏನು ನಡೆಯುತ್ತಿದೆ? ಪರಿಚಯದ ಆಫೀಸುಗಳಲ್ಲಿ, ಅಂಗಡಿಯವರಲ್ಲಿ ಕೇಳಿ ನನ್ನ ಕಿವಿಗೆ ಬಿದ್ದ ಲೆಕ್ಕ ಹೇಳುತ್ತೇನೆ, ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಳ್ಳಬೇಡಿ. ಅಂದಾಜು ಲಾಭ ತೋರಿಸುವ ಐಟಿಆರ್-4ಕ್ಕೆ ಊರುಗಳಲ್ಲಿ ಸಾವಿರದಿಂದ ಎರಡೂವರೆ ಸಾವಿರ, ಬೆಂಗಳೂರಲ್ಲಿ ಎರಡೂವರೆಯಿಂದ ಐದು. ಲಾಭ-ನಷ್ಟದ ಲೆಕ್ಕ, ಬ್ಯಾಲೆನ್ಸ್ ಶೀಟ್ ಎಲ್ಲ ತಯಾರಿಸಿ ಹಾಕುವ ಐಟಿಆರ್-3 ಆದರೆ ಐದರಿಂದ ಹದಿನೈದು ಸಾವಿರ. ಟ್ಯಾಕ್ಸ್ ಆಡಿಟ್ ಇದ್ದರೆ ಹದಿನೈದಕ್ಕಿಂತ ಕೆಳಗೆ ಕೇಳಿದ್ದು ಕಡಿಮೆ, ಮೇಲಕ್ಕೆ ಮಿತಿಯಿಲ್ಲ. ಜಿಎಸ್‌ಟಿ ತಿಂಗಳಿಗೆ ಐನೂರರಿಂದ ಎರಡೂವರೆ ಸಾವಿರ. ಆಫೀಸು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಈ ಫೀಸಿನ ಮೇಲೂ 18% ಸೇರುತ್ತದೆ. ಹಾಗೆ ಸೇರಿಸಿದರೆ ಬೇಸರ ಬೇಡ, ಬಿಲ್ ಕೊಡುವ ಆಫೀಸು ಅಂತ ಅರ್ಥ.

ಅಪ್ಪನ 1,500, ನೋಡಿದರೆ, ಈ ಅಂದಾಜಿನ ಒಳಗೇ ಇದೆ. ಮತ್ತೆ ಗಾಬರಿ ಯಾಕೆ?

ಅಂಗಡೀಲಿ ಸಿಗರೇಟ್ ಮಾರ್ತೀರಾ?

ಅಪ್ಪನ ರಿಟರ್ನ್ ಹೇಗೆ ತಯಾರಾಗುತ್ತದೆ ಅಂತ ನಾನು ಕೂತಲ್ಲೇ ಹೇಳಬಲ್ಲೆ. ಎಲ್ಲರ ಬಾಯಲ್ಲಿರುವ '44ಎಡಿ' ಪ್ರಕಾರ. (2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರೆಲ್ಲ ಬದಲಾಗಿವೆ, ಬಾಯಲ್ಲಿ ಮಾತ್ರ ಹಳೇದೇ ಇದೆ.) ಸಣ್ಣ ವ್ಯಾಪಾರಿ ಪುಸ್ತಕ ಇಡಬೇಕಾಗಿಲ್ಲ. ಬ್ಯಾಂಕು, ಯುಪಿಐ ಮೂಲಕ ಬಂದ ವಹಿವಾಟಿನ ಮೇಲೆ ಕನಿಷ್ಠ 6%, ನಗದಿನ ಮೇಲೆ ಕನಿಷ್ಠ 8% ಲಾಭ ಅಂತ ತೋರಿಸಿದರೆ ಸಾಕು. 36 ಲಕ್ಷದಲ್ಲಿ 20 ಲಕ್ಷ ಯುಪಿಐ, 16 ಲಕ್ಷ ನಗದು ಅಂದುಕೊಳ್ಳಿ. 1 ಲಕ್ಷ 20 ಸಾವಿರ, ಜೊತೆಗೆ 1 ಲಕ್ಷ 28 ಸಾವಿರ. ಒಟ್ಟು 2 ಲಕ್ಷ 48 ಸಾವಿರ ಆದಾಯ, ತೆರಿಗೆ ಸೊನ್ನೆ. ಕಾಲು ಗಂಟೆಯ ಕೆಲಸ. ಈ ಕೆಲಸಕ್ಕೆ 1,500 ಕಡಿಮೆಯೇನಲ್ಲ, ನಿಜ ಹೇಳಿದರೆ ಜಾಸ್ತಿಯೇ. ಐಟಿಆರ್-4ನ್ನು ಇಲಾಖೆಯ ಪೋರ್ಟಲ್‌ನಲ್ಲಿ ಒಂದು ಪೈಸೆ ಖರ್ಚಿಲ್ಲದೆ ಮಗನೇ ಹಾಕಬಹುದು.

ಆದರೆ ಅಪ್ಪನ ಹತ್ತಿರ ಯಾರಾದರೂ ಒಂದು ಮಾತು ಕೇಳಿದ್ದಾರಾ: "ಅಂಗಡೀಲಿ ಬೀಡಿ-ಸಿಗರೇಟು, ಪಾನ್ ಮಸಾಲ, ಐಸ್‌ಕ್ರೀಮ್ ಮಾರ್ತೀರಾ ಯಜಮಾನ್ರೇ?"

ಯಾವ ಪ್ರಾವಿಜನ್ ಸ್ಟೋರಿನಲ್ಲಿ ಇವುಗಳಲ್ಲಿ ಒಂದಾದರೂ ಇಲ್ಲ, ಹೇಳಿ. ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ ಅಂತ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನದು 36, ಹಾಗಾಗಿ ನಿಶ್ಚಿಂತೆ. ಆದರೆ ಆ 40 ಲಕ್ಷದ ವಿನಾಯಿತಿ ಕೊಟ್ಟ 2019ರ ಅಧಿಸೂಚನೆಯಲ್ಲೇ ಒಂದು ಕೊಂಡಿ ಇದೆ: ತಂಬಾಕು, ಪಾನ್ ಮಸಾಲ, ಐಸ್‌ಕ್ರೀಮ್ ಇಂಥವನ್ನು ಮಾರುವವರಿಗೆ ಅದು ಅನ್ವಯಿಸುವುದಿಲ್ಲ. ಅವರಿಗೆ ಹಳೇ ಮಿತಿ, 20 ಲಕ್ಷ. ಎಷ್ಟು ಮಾರಿದರು ಅನ್ನೋದು ಮುಖ್ಯವಲ್ಲ. ಕೌಂಟರಿನ ಮೂಲೆಯಲ್ಲಿ ಎರಡು ಪ್ಯಾಕ್ ಸಿಗರೇಟ್ ಇಟ್ಟುಕೊಂಡರೂ ಇಡೀ ಅಂಗಡಿಯ ವಹಿವಾಟನ್ನು ಆ 20 ಲಕ್ಷದ ಜೊತೆ ತೂಗುತ್ತಾರೆ.

ಅಂದರೆ ಅಪ್ಪ ನೋಂದಣಿ ಮಾಡಿಸಬೇಕಿದ್ದು ಎಂದೋ. ಅದಕ್ಕೂ ವಿಚಿತ್ರ ಅಂದರೆ, 36 ಲಕ್ಷ ವಹಿವಾಟು ಅಂತ ವರ್ಷಾ ವರ್ಷ ಆದಾಯ ತೆರಿಗೆ ರಿಟರ್ನಿನಲ್ಲಿ ಅವರೇ ಬರೆದುಕೊಡುತ್ತಿದ್ದಾರೆ. ಆ 1,500 ರೂಪಾಯಿ ಕೆಲಸದಲ್ಲಿ ತಪ್ಪೇನೂ ಇಲ್ಲ. ಫಾರಂ ಸರಿಯಾಗೇ ಇದೆ. ಪ್ರಶ್ನೆ ಮಾತ್ರ ಯಾರೂ ಕೇಳಿಲ್ಲ.

ಕೇಳಿದ್ದರೆ ದಾರಿ ಸುಲಭವಿತ್ತು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ಕಾಂಪೋಸಿಷನ್ ಸ್ಕೀಮ್ ಇದೆ. ತೆರಿಗೆ ಇರುವ ಮಾಲಿನ ವಹಿವಾಟಿನ ಮೇಲೆ 1% ಕಟ್ಟಿದರೆ ಆಯಿತು. ಅಪ್ಪನ ಅಷ್ಟೂ ಮಾಲು ತೆರಿಗೆಯದ್ದೇ ಅಂದುಕೊಂಡರೂ ವರ್ಷಕ್ಕೆ 36,000. ಮೂರು ತಿಂಗಳಿಗೊಮ್ಮೆ ಒಂದು ಲೆಕ್ಕ, ವರ್ಷಕ್ಕೊಂದು ರಿಟರ್ನ್. ಐದೇ ಫೈಲಿಂಗ್. ಅದೇ ರೆಗ್ಯುಲರ್ ಸ್ಕೀಮಿನಲ್ಲಿ ಪ್ರತಿ ತಿಂಗಳು ಹಾಕುವವರಾದರೆ ತಿಂಗಳಿಗೆ ಎರಡರಂತೆ 24. ಆಡಿಟರ್ ಫೀಸು ಯಾಕೆ ಹಾಗೆ ಹಿಗ್ಗುತ್ತದೆ ಅನ್ನೋದಕ್ಕೆ ಅರ್ಧ ಉತ್ತರ ಈ ಎಣಿಕೆಯಲ್ಲೇ ಇದೆ.

ಕೇಳದೆ ಇದ್ದರೆ ಏನಾಗುತ್ತದೆ ಅನ್ನೋದನ್ನು ನಾವೆಲ್ಲ 2025ರ ಜುಲೈನಲ್ಲಿ ಬೀದಿಯಲ್ಲೇ ನೋಡಿದೆವು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಬಿದ್ದ ತಿಂಗಳದು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚಿನ ಯುಪಿಐ ಮಾಹಿತಿ ತರಿಸಿಕೊಂಡು, ನೋಂದಣಿಯಿಲ್ಲದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿನ ಮೇಲೆ 29 ಲಕ್ಷದ ನೋಟಿಸ್ ಬಂದದ್ದು ದೇಶದ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನೋದನ್ನು ಅವರು ಕಾಗದದಲ್ಲಿ ತೋರಿಸಿಕೊಳ್ಳಬೇಕಾಯಿತು. ಬಂದ್ ಕರೆಯಾಯಿತು, ಮುಖ್ಯಮಂತ್ರಿ ಸಭೆ ಕರೆದರು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಆದರೆ ನೋಂದಣಿ ಆಗಲೇಬೇಕು ಅಂದರು, ಗಲಾಟೆ ತಣ್ಣಗಾಯಿತು. ಆ ಸಲ ಉಳಿದುಕೊಂಡರು. ಪ್ರತಿ ಸಲ ಸರ್ಕಾರ ಮನಸ್ಸು ಕರಗಿಸಿಕೊಳ್ಳುತ್ತದೆ ಅಂತ ನಂಬಿ ಅಂಗಡಿ ನಡೆಸುವುದು ಹೇಗೆ?

ಆ ನೋಟಿಸಿನ ಲೆಕ್ಕ ಇನ್ನೂ ಕಠಿಣ. ನೋಂದಣಿಯೇ ಇಲ್ಲವಾದ್ದರಿಂದ ಮಾಲು ತರುವಾಗ ಕೊಟ್ಟ ಜಿಎಸ್‌ಟಿಯನ್ನು ಕಳೆದುಕೊಡಿ ಅಂತ ಕೇಳುವ ಹಾಗಿಲ್ಲ, 1% ಸ್ಕೀಮನ್ನು ಹಿಂದಿನ ವರ್ಷಗಳಿಗೆ ಕೇಳುವ ಹಾಗೂ ಇಲ್ಲ.

ಅಪ್ಪನ ರಿಟರ್ನಿನಲ್ಲಿ ಇನ್ನೊಂದು ವಿಷಯವೂ ಇದೆ, ಅದು ಮಗನಿಗೆ ನೇರವಾಗಿ ತಟ್ಟುವಂಥದ್ದು. ನಾಳೆ ಮನೆ ಸಾಲಕ್ಕೆ ಅಪ್ಪನನ್ನು ಜೊತೆ ಅರ್ಜಿದಾರ ಮಾಡಿಕೊಂಡರೆ ಬ್ಯಾಂಕು ನೋಡುವುದು 2 ಲಕ್ಷ 48 ಸಾವಿರವನ್ನು. ತಿಂಗಳಿಗೆ 21 ಸಾವಿರವೂ ಇಲ್ಲ. ಅಂಗಡಿ ಅದಕ್ಕಿಂತ ಹೆಚ್ಚು ದುಡಿಯುತ್ತದೆ ಅಂತ ಊರಿಗೆಲ್ಲ ಗೊತ್ತು, ಬ್ಯಾಂಕಿಗೆ ಗೊತ್ತಾಗುವುದು ಹೇಗೆ? 6, 8 ಅನ್ನೋದು ಕನಿಷ್ಠ. ಅದಕ್ಕಿಂತ ಜಾಸ್ತಿ ದುಡಿದಿದ್ದರೆ ಜಾಸ್ತಿಯನ್ನೇ ತೋರಿಸಬೇಕು ಅಂತ ಕಾನೂನು ಹೇಳುತ್ತದೆ. ಬಹಳ ಜನ ಅದನ್ನು ರಿಯಾಯಿತಿ ದರ ಅಂದುಕೊಂಡಿದ್ದಾರೆ. ಇನ್ನು ಹೀಗೆ ಕೆಲವು ವರ್ಷ ನಡೆಸಿ, ಯಾವುದೋ ಒಂದು ವರ್ಷ ನಷ್ಟ ಆಯ್ತು ಅಂತ ಕಡಿಮೆ ತೋರಿಸಿದರೆ ಮುಂದಿನ ಐದು ವರ್ಷ ಈ ಸೌಲಭ್ಯ ಸಿಗುವುದಿಲ್ಲ. ಆದಾಯ ತೆರಿಗೆ ಮಿತಿ ದಾಟಿದ್ದರೆ ಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಇದನ್ನು ಹೇಳಿಕೊಡುವವರು ಬೇಕಲ್ಲ?

ಈಗ 12,000ಕ್ಕೆ ಬರೋಣ. 'ಪೊಲೀಸರ ಥರ ವಿಚಾರಣೆ' ಮಾಡಿದ ಆ ಆಡಿಟರ್ ಮೇಲೆ ನನಗೆ ಗೌರವ ಬಂತು ಕಣ್ರೀ. ಕೊರಿಯರ್ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ, ಕೆಲವು ವಿನಾಯಿತಿ ಬಿಟ್ಟು, ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಕುಕ್ಕೀಸ್ ಡಬ್ಬ ಬೆಂಗಳೂರಿನಿಂದ ಬೀದರಿಗೆ ಹೋದರೆ ತಕರಾರಿಲ್ಲ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಅದು ತಮಿಳುನಾಡು! ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಕೇಕ್ ಮಾಡುವವರಿಗೆ ಹೊಸೂರು ಪಕ್ಕದ ಬಡಾವಣೆ ಇದ್ದ ಹಾಗೆ, ಕಾನೂನಿಗೆ ಅಲ್ಲ.

ಎರಡನೇ ಪ್ರಶ್ನೆ ದುಡ್ಡು ಯಾರ ಅಕೌಂಟಿಗೆ ಅನ್ನೋದು. ಮೇಲ್‌ನಲ್ಲಿ ಬರೆದ ಪ್ರಕಾರ ಮೊದಲಿಂದಲೂ ಗಂಡನ ಯುಪಿಐ ನಂಬರಿಗೇ ಬರುತ್ತಿದೆ, ಸಂಬಳ ಬೀಳುವ ಅಕೌಂಟಿಗೆ. ಅದೇ ಅಕೌಂಟಿನಿಂದ ಮೈದಾ, ಬೆಣ್ಣೆ, ಪೆಟ್ರೋಲು, ಮಗುವಿನ ಸ್ಕೂಲ್ ಫೀಸು, ಸ್ನೇಹಿತರ ಜೊತೆ ಊಟದ ಪಾಲು. ಎರಡು ವರ್ಷದ ಸ್ಟೇಟ್‌ಮೆಂಟಿನಲ್ಲಿ ಕೇಕಿನ ದುಡ್ಡು ಯಾವುದು, ಸ್ನೇಹಿತ ವಾಪಸ್ ಕೊಟ್ಟ ಕೈಸಾಲ ಯಾವುದು ಅಂತ ಒಂದೊಂದೇ ಸಾಲು ಹೆಕ್ಕಬೇಕು. 12,000ದಲ್ಲಿ ಮುಕ್ಕಾಲು ಪಾಲು ಹೋಗುತ್ತಿರುವುದು ಆ ಹೆಕ್ಕುವ ಕೆಲಸಕ್ಕೆ, ಫಾರಂಗಲ್ಲ. ಹೆಕ್ಕದೆ ಬಿಟ್ಟರೆ ಅದು ಗಂಡನ ಆದಾಯದ ಹಾಗೆ ಕಾಣುತ್ತದೆ, ಅವರ ಸಂಬಳದ ಸ್ಲ್ಯಾಬಿನಲ್ಲಿ.

ಹಾಗಂತ ಆ 12,000 ಕಣ್ಣುಮುಚ್ಚಿ ಕೊಡಿ ಅನ್ನುತ್ತಿಲ್ಲ. ಚೌಕಾಸಿಗೆ ಜಾಗವಿದೆ, ಆದರೆ ಚೌಕಾಸಿ ಮಾಡುವ ರೀತಿ ಬೇರೆ. "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸಾರ್" ಅಂದರೆ ಸಾವಿರ ಇಳಿಯಬಹುದು, ಕೆಲಸವೂ ಅಷ್ಟು ಇಳಿಯಬಹುದು. ಅದರ ಬದಲು ಸ್ಟೇಟ್‌ಮೆಂಟನ್ನು ಪಿಡಿಎಫ್ ಅಲ್ಲ, ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ. ಎರಡು ಭಾನುವಾರ ಗಂಡ-ಹೆಂಡತಿ ಕೂತು ಪ್ರತಿ ಸಾಲಿನ ಎದುರು 'ಮಾರಾಟ', 'ಸಾಮಾನು', 'ಮನೆ' ಅಂತ ಬರೆಯಿರಿ. ಪೋರ್ಟಲ್‌ನಿಂದ ಇಬ್ಬರ ಎಐಎಸ್ ಇಳಿಸಿ, ಇಲಾಖೆಗೆ ನಿಮ್ಮ ಬಗ್ಗೆ ಆಗಲೇ ಏನೇನು ಗೊತ್ತು ಅಂತ ನೋಡಿಕೊಳ್ಳಿ. ಈ ಹಾಳೆ ಹಿಡಿದುಕೊಂಡು ಹೋಗಿ ಕೇಳಿ: "ಹೆಕ್ಕುವ ಕೆಲಸ ನಾವೇ ಮಾಡಿದ್ದೀವಿ, ಈಗ ಎಷ್ಟಾಗುತ್ತೆ?" ಒಳ್ಳೆ ಆಫೀಸಾದರೆ ಮೊತ್ತ ಇಳಿಯುತ್ತದೆ. ಇವತ್ತೇ ಹೆಂಡತಿಯ ಹೆಸರಿನಲ್ಲಿ ಬೇರೆ ಖಾತೆ ತೆಗೆದು ಕ್ಯೂಆರ್ ಬದಲಾಯಿಸಿದರೆ ಬರುವ ವರ್ಷ ಮೂರು-ನಾಲ್ಕು ಸಾವಿರದ ಮೇಲೆ ಯಾರೂ ಕೇಳಬಾರದು.

ಇನ್ನೊಂದು, ಗಡುವಿನ ಕೊನೇ ವಾರ ಹೋಗಬೇಡಿ. ಆಗ ಫೀಸು ಏರುವುದಷ್ಟೇ ಅಲ್ಲ, ಪ್ರಶ್ನೆ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಬ್ಬದ ಹಿಂದಿನ ದಿನ ಟೈಲರ್ ಅಂಗಡಿಗೆ ಬಟ್ಟೆ ಕೊಟ್ಟ ಹಾಗೆ.

ಸಂಬಳದವರು ಇದನ್ನೆಲ್ಲ ಓದಿ "ನಂಗೆ ಬ್ಯುಸಿನೆಸ್ ಇಲ್ಲಪ್ಪ" ಅಂತ ಸ್ಕ್ರಾಲ್ ಮಾಡುವ ಮುಂಚೆ: ಫೋನಿನಲ್ಲಿ ಎಫ್ ಅಂಡ್ ಓ ಟ್ರೇಡ್ ಮಾಡ್ತೀರಾ? ಹಾಗಾದರೆ ಆದಾಯ ತೆರಿಗೆಯ ಕಣ್ಣಿಗೆ ನೀವೂ ವ್ಯಾಪಾರಿಯೇ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷದಲ್ಲಿ ಹೀಗೆ ಆಡಿದ ಸಾಮಾನ್ಯರಲ್ಲಿ 93% ಜನ ಕಳೆದುಕೊಂಡಿದ್ದಾರೆ, ಹಾಗಾಗಿ ನಿಮ್ಮದೂ ನಷ್ಟವೇ ಇರಬಹುದು. ಆ ನಷ್ಟವನ್ನು ಸಂಬಳದಿಂದ ಕಳೆಯುವ ಹಾಗಿಲ್ಲ, ಆದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅದಕ್ಕೆ ಗಡುವಿನೊಳಗೆ ರಿಟರ್ನ್ ಹಾಕಿರಲೇಬೇಕು, ಅದೂ ಐಟಿಆರ್-3ರಲ್ಲಿ. ನಿಮ್ಮ ಪಕ್ಕದ ಸೀಟಿನವನಿಗೆ 800 ರೂಪಾಯಿ, ನಿಮಗೆ 6,000 ಅಂದಾಗ ಆಡಿಟರ್ ಮೋಸ ಮಾಡುತ್ತಿದ್ದಾರೆ ಅಂತಲ್ಲ. ಹಳೇ-ಹೊಸ ತೆರಿಗೆ ಪದ್ಧತಿಯ ಆಯ್ಕೆಯೂ ಅಷ್ಟೇ. ಬರೀ ಸಂಬಳದವರು ವರ್ಷ ವರ್ಷ ಬದಲಾಯಿಸಿಕೊಳ್ಳಬಹುದು. ವ್ಯಾಪಾರದ ಆದಾಯ ಸೇರಿತೆಂದರೆ, ಹಳೇದಕ್ಕೆ ಹೋದವರು ಹೊಸದಕ್ಕೆ ವಾಪಸ್ ಬರಲು ಒಂದೇ ಅವಕಾಶ. ಇದನ್ನು ಯಾವ ಆಪ್ ಕೂಡ ಎದುರು ಕೂರಿಸಿ ಹೇಳುವುದಿಲ್ಲ.

ಪರ್ಸೆಂಟೇಜ್ ಕೇಳಿದರೆ ಎದ್ದು ಬನ್ನಿ

ಫೀಸಿನಲ್ಲಿ ಇನ್ನೊಂದು ಜಾತಿ ಇದೆ. "ಮೊದಲು ಏನೂ ಬೇಡ, ರಿಫಂಡ್ ಬಂದ ಮೇಲೆ ಅದರಲ್ಲಿ ಹತ್ತು ಪರ್ಸೆಂಟ್ ಕೊಡಿ." ಟೆಕ್ ಪಾರ್ಕುಗಳ ವಾಟ್ಸಾಪ್ ಗುಂಪುಗಳಲ್ಲಿ ಇಂಥವರ ನಂಬರು ಓಡಾಡುತ್ತಲೇ ಇರುತ್ತದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಪ್ರಕಾರ, ನಿಯಮಗಳಲ್ಲಿ ಬಿಟ್ಟುಕೊಟ್ಟ ಕೆಲವು ಸಂದರ್ಭ ಹೊರತು, ಲಾಭದ ಪಾಲಾಗಿ ಅಥವಾ ಫಲಿತಾಂಶ ನೋಡಿ ಫೀಸು ಪಡೆಯುವುದು ಸಿಎಗೆ ವೃತ್ತಿ ದುರ್ನಡತೆ. ಹಾಗಾಗಿ ರಿಫಂಡಿನಲ್ಲಿ ಪಾಲು ಕೇಳುವವರು ಒಂದೋ ಸಿಎ ಅಲ್ಲ, ಅಥವಾ ಸಿಎ ಆಗಿದ್ದೂ ಕಟ್ಟಳೆ ಮೀರಿದವರು. ರಿಫಂಡ್ ದೊಡ್ಡದಾದಷ್ಟೂ ಅವರ ಪಾಲು ದೊಡ್ಡದು. ಇಲ್ಲದ ಬಾಡಿಗೆ, ಕೊಡದ ದೇಣಿಗೆ ಎಲ್ಲಿಂದ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ವಿನಾಯಿತಿಗಳ ಬೆನ್ನು ಹತ್ತಿ ದೇಶದ 150 ಕಡೆ ತಪಾಸಣೆ ನಡೆಸಿತು. ಆಗ ಇಲಾಖೆ ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಒಂದಿದೆ. ಈ ಏಜೆಂಟರು ರಿಟರ್ನ್ ಹಾಕುವುದಕ್ಕೆಂದೇ ತಾತ್ಕಾಲಿಕ ಇಮೇಲ್ ಐಡಿ ಸೃಷ್ಟಿಸಿ ಆಮೇಲೆ ಬಿಟ್ಟುಬಿಡುತ್ತಾರೆ. ಇಲಾಖೆ ಕಳಿಸಿದ ನೋಟಿಸುಗಳು ಯಾರೂ ತೆರೆಯದ ಆ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತವೆ.

ಮೋಸ ಮಾಡದವರೂ ಇಲ್ಲಿ ಎಡವುತ್ತಾರೆ. ಪ್ರತಿ ಸಲ ಓಟಿಪಿ ಕೇಳುವ ರಗಳೆ ಬೇಡ ಅಂತ ಎಷ್ಟೋ ಆಫೀಸುಗಳಲ್ಲಿ ಗಿರಾಕಿಯ ಪ್ರೊಫೈಲಿಗೆ ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ಹಾಕಿರುತ್ತಾರೆ. ಆ ಆಫೀಸಿನ ಹುಡುಗ ಕೆಲಸ ಬಿಟ್ಟ, ನಂಬರ್ ಹೋಯಿತು. ನಿಮಗೆ ಗೊತ್ತಾಗುವುದು ಬಾಕಿ ಬೇಡಿಕೆಗೆ ರಿಫಂಡ್ ಹೊಂದಿಸಿಕೊಂಡ ಮೇಲೆ. ಹಾಸನದ ಅಪ್ಪನ ಲಾಗಿನ್ ಯಾರ ಹತ್ತಿರ ಇದೆ ಅಂತ ಮಗನಿಗೆ ಗೊತ್ತಾ? ಮೇಲ್‌ನಲ್ಲಿ ಅದರ ಸುದ್ದಿ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಪ್ಯಾನ್ ನಂಬರ್ ಹಾಕಿ ಪಾಸ್‌ವರ್ಡ್ ಬದಲಾಯಿಸಿ, ಪ್ರೊಫೈಲಿನಲ್ಲಿ ಅಪ್ಪನ ಮೊಬೈಲು, ನಿಮ್ಮ ಇಮೇಲು ಹಾಕಿ ಬನ್ನಿ. ಆಡಿಟರ್‌ಗೆ ಬೇಸರವಾಗುತ್ತೇನೋ ಅಂತ ಸಂಕೋಚ ಬೇಡ.

ಫೀಸು ಒಪ್ಪುವ ಮುಂಚೆ ವಾಟ್ಸಾಪಿನಲ್ಲಾದರೂ ಸರಿ, ಒಂದು ಸಾಲಿನಲ್ಲಿ ಬರೆಸಿಕೊಳ್ಳಿ: ಇದರಲ್ಲಿ ಏನೇನು ಸೇರಿದೆ. ಬ್ಯಾಂಕಿಗೆ ಬೇಕಾದಾಗ ಬ್ಯಾಲೆನ್ಸ್ ಶೀಟ್ ಕೊಡ್ತಾರಾ, ತಪ್ಪಾದರೆ ರಿವೈಸ್ ಮಾಡುವುದು ಇದರಲ್ಲೇ ಬಂತಾ, ನೋಟಿಸ್ ಬಂದರೆ ಉತ್ತರ ಬರೆಯಲು ಬೇರೆ ಎಷ್ಟು. ಹೆಚ್ಚಿನ ಜಗಳ ಹುಟ್ಟುವುದು ಫೀಸಿನ ಮೊತ್ತದಿಂದಲ್ಲ, ಈ ಕೊನೆಯದರಿಂದ. ಗಿರಾಕಿ "ನೀವೇ ಹಾಕಿದ್ದಲ್ವಾ, ನೀವೇ ನೋಡ್ಕೊಳ್ಳಿ" ಅನ್ನುತ್ತಾನೆ. ಆಡಿಟರ್ "ನೀವು ಕೊಟ್ಟ ಲೆಕ್ಕ ಹಾಕಿದ್ದೀನಿ" ಅನ್ನುತ್ತಾರೆ. ಇಬ್ಬರದೂ ಸರಿ. ರಿಟರ್ನಿನಲ್ಲಿರುವ ಹೆಸರು ಮಾತ್ರ ಗಿರಾಕಿಯದು. ಕೆಲಸ ಮುಗಿದ ಮೇಲೆ ಅಕ್ನಾಲೆಜ್‌ಮೆಂಟ್ ಜೊತೆ ಆದಾಯ ಲೆಕ್ಕ ಹಾಕಿದ ಹಾಳೆಯನ್ನೂ ಕೇಳಿ ಪಡೆಯಿರಿ. ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಆಯಿತಾ ನೋಡಿ, ಫೀಸು ಕೊಟ್ಟು ಇದೊಂದನ್ನು ಮರೆಯುವವರು ಬಹಳ.

ಎಲ್ಲರಿಗೂ ಆಡಿಟರ್ ಬೇಕಾ ಅಂದರೆ ಬೇಡ. ಸಂಬಳ ಮತ್ತು ಎಫ್‌ಡಿ ಬಡ್ಡಿ ಮಾತ್ರ ಇರುವವರು ತಾವೇ ಹಾಕಿಕೊಳ್ಳಿ, ಪೋರ್ಟಲ್ ಅರ್ಧ ತುಂಬಿಯೇ ಇಟ್ಟಿರುತ್ತದೆ. ಒಂದೇ ರೀತಿಯ ಸಣ್ಣ ವ್ಯಾಪಾರ ವರ್ಷಾ ವರ್ಷ ನಡೆಸುವವರು ಮೊದಲ ಸಲ ಒಳ್ಳೆಯವರ ಹತ್ತಿರ ಹೋಗಿ, ಪ್ರಶ್ನೆ ಕೇಳಿಸಿಕೊಂಡು, ಆಮೇಲೆ ಐಟಿಆರ್-4 ತಾವೇ ಹಾಕುತ್ತಾ ಎರಡು-ಮೂರು ವರ್ಷಕ್ಕೊಮ್ಮೆ ಅವರಿಗೆ ತೋರಿಸಿಕೊಂಡು ಬಂದರೂ ನಡೆಯುತ್ತದೆ. ಎಲ್‌ಐಸಿ ಏಜೆಂಟರು ಮಾತ್ರ ಒಂದು ವಿಷಯ ಗಮನಿಸಿ. ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲ. ನಿಮಗೆ ಐಟಿಆರ್-4ರಲ್ಲಿ 6% ತೋರಿಸಿ ಹಾಕಿಕೊಟ್ಟಿದ್ದರೆ, ಎಷ್ಟೇ ಕಡಿಮೆ ಫೀಸಾದರೂ ಅದು ದುಬಾರಿಯೇ.

ಮೇಲ್ ಬರೆದವರಿಗೆ ನನ್ನ ಉತ್ತರ ಹೀಗೆ. ಹೆಂಡತಿಯ ಕಾಗದ ಊರಿಗೆ ಕಳಿಸಬೇಡಿ. ಅಪ್ಪನ ಕಾಗದವನ್ನು ಒಂದು ಸಲ ಬೆಂಗಳೂರಿಗೆ ತರಿಸಿ, ಆ ವಿಚಾರಣೆ ಮಾಡುವ ಆಡಿಟರ್ ಮುಂದೆ ಇಡಿ. ಬರೀ ನೋಡಿ ಸಲಹೆ ಹೇಳೋದಕ್ಕೆ ಎಷ್ಟಾಗುತ್ತೆ ಅಂತ ಬೇರೆಯಾಗಿ ಕೇಳಿ. ನೋಂದಣಿ ಮಾಡಿಸಬೇಕೋ, ಸಿಗರೇಟ್ ಮಾರೋದು ಬಿಡಬೇಕೋ ಅಂತ ಆಮೇಲೆ ಅಪ್ಪನೇ ತೀರ್ಮಾನ ಮಾಡಲಿ. ಬಿಟ್ಟರೂ ಕಳೆದ ವರ್ಷಗಳ ಲೆಕ್ಕಕ್ಕೆ ಏನು ಮಾಡಬೇಕು ಅಂತ ಮಾತ್ರ ಅವರ ಬಾಯಿಂದಲೇ ಕೇಳಿಸಿಕೊಂಡು ಬನ್ನಿ.